ಇಕ್ಕಟ್ಟಾದ ಅಂಗಳ, ಕೈಗರಗಸದಷ್ಟೇ ಸಲಕರಣೆ: ಗ್ರಿಲ್ ಪಕ್ಕಕ್ಕೆ ತಯಾರಿ ಮೇಜು ಮಾಡಿಕೊಳ್ಳುವುದು ಹೇಗೆ?

ಹಿತ್ತಲಕಿಡಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾವು ಬಾಡಿಗೆಗಿರುವ ಮನೆಯ ಹಿಂಭಾಗದಲ್ಲಿ ಸುಮಾರು 2 ಮೀಟರ್ ಉದ್ದ, 1.5 ಮೀಟರ್ ಅಗಲದ, ಮೇಲೆ ಚಾವಣಿಯಿಲ್ಲದ ಸಿಮೆಂಟ್ ಅಂಗಳವಿದೆ. ಅಲ್ಲಿ 45 ಸೆಂ.ಮೀ. ವ್ಯಾಸದ, ಮುಚ್ಚಳವಿರುವ ಇದ್ದಿಲು ಗ್ರಿಲ್ ಇಟ್ಟುಕೊಂಡಿದ್ದೇನೆ. ಗ್ರಿಲ್‌ಗೆ ಬೇಕಾದಷ್ಟು ಜಾಗವೇನೋ ಇದೆ. ಆದರೆ ಮಸಾಲೆ ಹಚ್ಚಿದ ಮಾಂಸ, ಹೆಚ್ಚಿದ ತರಕಾರಿ, ಎಣ್ಣೆಯ ಬಟ್ಟಲು, ಇಕ್ಕಳ, ಬೆಂದದ್ದನ್ನು ತೆಗೆದಿಡುವ ತಟ್ಟೆ ಇವುಗಳನ್ನೆಲ್ಲ ಇಡಲು ಏನೂ ಇಲ್ಲ. ಸದ್ಯ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಎಲ್ಲವನ್ನೂ ಪೇರಿಸಿ, ಪ್ರತಿಯೊಂದಕ್ಕೂ ಬಗ್ಗಿ ಏಳುತ್ತ ಅಡುಗೆ ಮಾಡಬೇಕಾಗಿದೆ.

ಗೋಡೆಗೆ ರಂಧ್ರ ಕೊರೆಯಲು ಮನೆಯ ಮಾಲೀಕರ ಅನುಮತಿ ಇಲ್ಲ. ಅಂಗಳದಲ್ಲೇ ಬಟ್ಟೆಯನ್ನೂ ಒಣಹಾಕುವುದರಿಂದ, ಕೆಲಸ ಮುಗಿದ ಮೇಲೆ ಮೇಜನ್ನು ಮಡಚಿ ಒಳಗಿಡುವಂತಿರಬೇಕು. ನನ್ನ ಬಳಿ ಇರುವುದು ಒಂದು ಕೈಗರಗಸ, ಸುತ್ತಿಗೆ, ಸ್ಕ್ರೂ ಡ್ರೈವರ್ ಮತ್ತು ಅಳತೆ ಟೇಪು ಮಾತ್ರ. ವಿದ್ಯುತ್ ಡ್ರಿಲ್ ಇಲ್ಲ, ಅದಕ್ಕಾಗಿ ಖರ್ಚು ಮಾಡುವ ಉದ್ದೇಶವೂ ಇಲ್ಲ. ಮರಗೆಲಸದ ಅನುಭವ ಕಡಿಮೆಯಾದರೂ ತಾಳ್ಮೆಯಿಂದ ಅಳೆದು ಕೊಯ್ಯಬಲ್ಲೆ.

ಮೇಜು ಎಷ್ಟು ಎತ್ತರ, ಎಷ್ಟು ಅಗಲ ಇರಬೇಕು, ಯಾವ ಸಾಮಗ್ರಿ ಮಳೆ ಬಿಸಿಲಿಗೂ ಆಹಾರಕ್ಕೂ ಸೂಕ್ತ, ಹಳೆಯ ಸರಕು ಸಾಗಣೆಯ ಪ್ಯಾಲೆಟ್‌ಗಳ ಮರ ಬಳಸಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ಮರದನಾರು (ಉತ್ತರ):

ನಮಸ್ಕಾರ. ಮೊದಲು ಅಳತೆಯ ವಿಚಾರ. ಇಕ್ಕಟ್ಟಾದ ಜಾಗಕ್ಕೆ ಮೇಜು ಮಾಡುವಾಗ ಹೆಚ್ಚಿನವರು ‘ಎಷ್ಟು ದೊಡ್ಡದನ್ನು ಹಿಡಿಸಬಹುದು’ ಎಂದು ಯೋಚಿಸುತ್ತಾರೆ. ನಿಜವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ, ಬೆಂಕಿಯ ಮುಂದೆ ನಿಂತಾಗ ಯಾವ ಯಾವ ವಸ್ತು ಕೈಗೆಟುಕಬೇಕು ಎಂಬುದು. ಹೆಚ್ಚುವುದು, ಅರೆಯುವುದು, ತೊಳೆಯುವುದು ಅಡುಗೆಮನೆಯಲ್ಲೇ ಮುಗಿಯಬಲ್ಲ ಕೆಲಸಗಳು. ಹೊರಗೆ ಬೇಕಾಗುವುದು ಒಂದು ಹಸಿ ಪದಾರ್ಥದ ಟ್ರೇ, ಒಂದು ಶುಚಿಯಾದ ತಟ್ಟೆ, ಒಂದೆರಡು ಬಟ್ಟಲು ಮತ್ತು ಇಕ್ಕಳಗಳಿಗೆ ಜಾಗ. ಇದಕ್ಕೆ 90 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ಹಲಗೆ ಧಾರಾಳವಾಗಿ ಸಾಕು. ನಿಮ್ಮ ಅಂಗಳದಲ್ಲಿ ಅದಕ್ಕಿಂತ ದೊಡ್ಡದನ್ನಿಟ್ಟರೆ ನೀವು ನಿಲ್ಲುವ ಜಾಗವನ್ನೇ ಮೇಜು ಕಸಿದುಕೊಳ್ಳುತ್ತದೆ.

ಎತ್ತರಕ್ಕೆ ನಿಮ್ಮ ಮೊಣಕೈಯೇ ಅಳತೆ. ನೆಟ್ಟಗೆ ನಿಂತು ಕೈಯನ್ನು ಮೊಣಕೈ ಬಳಿ ಮಡಚಿ, ಮೊಣಕೈಯಿಂದ ನೆಲಕ್ಕಿರುವ ಎತ್ತರವನ್ನು ಅಳೆದು, ಅದರಲ್ಲಿ 10ರಿಂದ 15 ಸೆಂ.ಮೀ. ಕಳೆಯಿರಿ. ಬಹುತೇಕ ಜನರಿಗೆ ಇದು 85ರಿಂದ 95 ಸೆಂ.ಮೀ. ನಡುವೆ ಬರುತ್ತದೆ. ಕಾಲುಗಳ ಉದ್ದವನ್ನು ಲೆಕ್ಕ ಹಾಕುವಾಗ ಹಲಗೆಯ ದಪ್ಪವನ್ನು ಕಳೆಯುವುದನ್ನು ಮರೆಯಬಾರದು.

ಇನ್ನು ರಚನೆ. ನಾಲ್ಕು ಕಾಲನ್ನು ಹಲಗೆಗೇ ಜೋಡಿಸಿದ ಮೇಜಿನಲ್ಲಿ ಮೂಲೆಗಳನ್ನು ಅಲುಗಾಡದಂತೆ ಬಿಗಿಯುವುದು ಕಷ್ಟ. ಬರಿಗೈ ಸಲಕರಣೆಯಲ್ಲಂತೂ ಇನ್ನೂ ಕಷ್ಟ. ಆದ್ದರಿಂದ ಹಲಗೆಯನ್ನೂ ಆಧಾರವನ್ನೂ ಬೇರೆ ಬೇರೆಯಾಗಿ ಮಾಡಿ. ಮಡಚುವಂಥ ಎರಡು ಸಣ್ಣ ಸ್ಟ್ಯಾಂಡ್‌ಗಳು, ಅವುಗಳ ಮೇಲೆ ಕೂರುವ ಒಂದು ಹಲಗೆ, ಇಷ್ಟೇ. ಪ್ರತಿ ಸ್ಟ್ಯಾಂಡೂ ಎರಡು ಚೌಕಟ್ಟುಗಳಿಂದ ಆಗಿರುತ್ತದೆ. ಒಂದು ಚೌಕಟ್ಟಿಗೆ 87 ಸೆಂ.ಮೀ. ಉದ್ದದ ಎರಡು ಕಾಲು, 45 ಸೆಂ.ಮೀ. ಉದ್ದದ ಎರಡು ಅಡ್ಡಪಟ್ಟಿ ಬೇಕು. ಒಂದು ಅಡ್ಡಪಟ್ಟಿ ತುದಿಯಲ್ಲಿ, ಇನ್ನೊಂದು ನೆಲದಿಂದ ಸುಮಾರು 20 ಸೆಂ.ಮೀ. ಮೇಲೆ. ಈ ಎರಡರ ನಡುವೆ ಕೋನದಿಂದ ಕೋನಕ್ಕೆ ಒಂದು ಓರೆಪಟ್ಟಿ ಹೊಡೆಯಿರಿ. ಇಡೀ ಮೇಜಿನಲ್ಲಿ ಅಲುಗಾಟವನ್ನು ನಿಜವಾಗಿ ತಡೆಯುವುದು ಈ ಓರೆಪಟ್ಟಿಯೇ, ಏಕೆಂದರೆ ಆಯತಾಕಾರದ ಚೌಕಟ್ಟು ಪಕ್ಕದಿಂದ ತಳ್ಳಿದರೆ ಓರೆಯಾಗುತ್ತದೆ, ತ್ರಿಕೋನ ಓರೆಯಾಗುವುದಿಲ್ಲ. ಮರದಂಗಡಿಯಲ್ಲಿ ಸಿಗುವ 5 ಸೆಂ.ಮೀ. ಅಗಲ, 2.5 ಸೆಂ.ಮೀ. ದಪ್ಪದ ರೀಪುಗಳು ಸಾಕು. ಓರೆಪಟ್ಟಿಗಳೂ ಸೇರಿ ಒಟ್ಟು 13ರಿಂದ 14 ಮೀಟರ್ ಬೇಕಾಗಬಹುದು.

ಅಡ್ಡಪಟ್ಟಿಗಳನ್ನು ಕಾಲುಗಳ ಒಳಮುಖಕ್ಕೆ ಜೋಡಿಸಿ, ಎರಡು ಚೌಕಟ್ಟುಗಳನ್ನು ಮುಖಾಮುಖಿ ನಿಲ್ಲಿಸಿದರೆ ಮೇಲಿನ ಅಡ್ಡಪಟ್ಟಿಗಳು ಒಂದಕ್ಕೊಂದು ತಾಗುತ್ತವೆ. ಅವುಗಳ ಮೇಲಂಚಿಗೆ ಎರಡು ಹಿಂಜಸ್ ಹಾಕಿ, ಅವುಗಳ ಕೊಳವೆ ಭಾಗ ಮೇಲ್ಮುಖವಾಗಿರಲಿ. ಕಾಲುಗಳು ಅಗಲಿದಾಗ ಎರಡು ಅಂಚುಗಳ ನಡುವೆ ಸಣ್ಣ ತಗ್ಗು ಉಂಟಾಗಿ ಹಿಂಜಸ್ ಅದರೊಳಗೆ ಅಡಗುತ್ತದೆ, ಹಲಗೆಗೆ ತಾಗುವುದಿಲ್ಲ. ಕೆಳಗಿನ ಅಡ್ಡಪಟ್ಟಿಗಳನ್ನು ಒಂದು ಗಟ್ಟಿ ಹಗ್ಗದಿಂದ ಕಟ್ಟಿ, ಕಾಲುಗಳು 40ರಿಂದ 45 ಸೆಂ.ಮೀ.ಗಿಂತ ಹೆಚ್ಚು ಅಗಲದಂತೆ ಮಿತಿ ಹಾಕಿ. ಮಡಚಿದಾಗ ಪ್ರತಿ ಸ್ಟ್ಯಾಂಡಿನ ದಪ್ಪ ಸುಮಾರು 10 ಸೆಂ.ಮೀ. ಆಗುತ್ತದೆ, ಬಾಗಿಲ ಹಿಂದೆ ಒರಗಿಸಿಡಬಹುದು.

ಡ್ರಿಲ್ ಇಲ್ಲವೆಂಬ ಚಿಂತೆ ಬೇಡ. ಸ್ಕ್ರೂವಿಗಿಂತ ತೆಳ್ಳಗಿನ ಮೊಳೆಯೊಂದನ್ನು ತೆಗೆದುಕೊಂಡು, ಅದರ ಚೂಪು ತುದಿಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಮ್ಮೆ ತಟ್ಟಿ ಮೊಂಡು ಮಾಡಿ. ಚೂಪಾದ ಮೊಳೆ ಮರದ ನಾರನ್ನು ಬೆಣೆಯಂತೆ ಸೀಳುತ್ತದೆ, ಮೊಂಡಾದದ್ದು ನಾರನ್ನು ಜಜ್ಜಿಕೊಂಡು ಒಳಹೋಗುತ್ತದೆ. ಹೀಗಾಗಿ ಪಟ್ಟಿಯ ತುದಿಗೆ ಹತ್ತಿರದಲ್ಲೂ ಮರ ಬಿರಿಯುವ ಸಂಭವ ಕಡಿಮೆ. ಆ ಮೊಳೆಯನ್ನು ಅರ್ಧದಷ್ಟು ಹೊಡೆದು ಕಿತ್ತರೆ ಸ್ಕ್ರೂವಿಗೆ ದಾರಿ ಸಿದ್ಧ. ಎರಡು ಪಟ್ಟಿಗಳ ಒಟ್ಟು ದಪ್ಪ 50 ಮಿ.ಮೀ. ಇರುವುದರಿಂದ 4 ಮಿ.ಮೀ. ದಪ್ಪ, 40 ಮಿ.ಮೀ. ಉದ್ದದ ಸ್ಕ್ರೂ ಸರಿಹೊಂದುತ್ತದೆ, ಇನ್ನೊಂದು ಬದಿಯಲ್ಲಿ ತುದಿ ಹೊರಬರುವುದಿಲ್ಲ. ಪ್ರತಿ ಕೂಡಿಕೆಗೂ ಎರಡೆರಡು ಸ್ಕ್ರೂ ಹಾಕಿ. ಸ್ಕ್ರೂವಿನ ಎಳೆಗಳಿಗೆ ಮೇಣದಬತ್ತಿಯನ್ನು ಉಜ್ಜಿಕೊಂಡರೆ ಕೈಯಿಂದ ತಿರುಗಿಸುವುದು ಎಷ್ಟೋ ಹಗುರವಾಗುತ್ತದೆ. ಸಾಬೂನನ್ನೂ ಹಲವರು ಉಜ್ಜುತ್ತಾರೆ. ಆದರೆ ಅದು ತೇವವನ್ನು ಎಳೆದುಕೊಂಡು ಸ್ಕ್ರೂವಿಗೆ ತುಕ್ಕು ಹಿಡಿಸುವುದರಿಂದ ಹೊರಗಿನ ಕೆಲಸಕ್ಕೆ ಮೇಣವೇ ಲೇಸು.

ಎಂಟು ಕಾಲುಗಳನ್ನು ಕೊಯ್ಯುವಾಗ, ಮೊದಲ ಕಾಲನ್ನು ಸರಿಯಾಗಿ ಅಳೆದು ಕೊಯ್ದು ಅದರ ಮೇಲೆ ‘ಮಾದರಿ’ ಎಂದು ಬರೆದಿಡಿ. ಉಳಿದ ಏಳನ್ನೂ ಅದೇ ಮಾದರಿಯಿಂದ ಗುರುತು ಹಾಕಬೇಕೇ ಹೊರತು ಈಗಷ್ಟೇ ಕೊಯ್ದದ್ದರಿಂದ ಅಲ್ಲ; ಇಲ್ಲವಾದರೆ ಪೆನ್ಸಿಲ್ ಗೆರೆಯ ದಪ್ಪವೇ ಸೇರುತ್ತ ಸೇರುತ್ತ ಕೊನೆಯ ಕಾಲಿಗೆ ಹಲವು ಮಿಲಿಮೀಟರ್ ವ್ಯತ್ಯಾಸ ಬಂದುಬಿಡುತ್ತದೆ.

ಹಲಗೆಗೆ 18 ಮಿ.ಮೀ. ದಪ್ಪದ, ನೀರು ತಡೆಯುವ ದರ್ಜೆಯ ಪ್ಲೈವುಡ್ ಕೊಳ್ಳಿ. ಈ ಅಳತೆಯ ತುಂಡು ಸುಮಾರು 5ರಿಂದ 6 ಕಿ.ಗ್ರಾಂ. ತೂಗುತ್ತದೆ, ಒಬ್ಬರೇ ಎತ್ತಬಹುದು. ಪ್ಲೈವುಡ್ಡನ್ನು ಕೈಗರಗಸದಿಂದ ನೇರವಾಗಿ ಕೊಯ್ಯುವುದು ಶ್ರಮದ ಕೆಲಸವಾದ್ದರಿಂದ ಅಂಗಡಿಯಲ್ಲೇ ಅಳತೆಗೆ ಕೊಯ್ಯಿಸಿಕೊಳ್ಳುವುದು ಒಳ್ಳೆಯದು. ಹಲಗೆಯ ಅಡಿಭಾಗದಲ್ಲಿ, ಪ್ರತಿ ಸ್ಟ್ಯಾಂಡಿನ ಮೇಲಂಚು ಕೂರುವ ಸ್ಥಳದ ಎರಡೂ ಪಕ್ಕಕ್ಕೆ ಒಂದೊಂದು ಸಣ್ಣ ಪಟ್ಟಿ ಬಡಿದರೆ, ಹಲಗೆ ಆ ಪಟ್ಟಿಗಳ ನಡುವೆ ಸಿಕ್ಕಿಕೊಂಡು ಅತ್ತಿತ್ತ ಜಾರುವುದಿಲ್ಲ. ಇದನ್ನು ಮಾತ್ರ ಬಿಡಬೇಡಿ. ಕಟ್ಟಿರದ ಹಲಗೆಯ ಒಂದು ತುದಿಗೆ ಯಾರಾದರೂ ಕೈಯೂರಿದರೆ ಇಡೀ ಸಾಮಾನು ಬೆಂಕಿಯ ಕಡೆಗೆ ಜಾರುವ ಅಪಾಯವಿದೆ. ಅದೇ ಕಾರಣಕ್ಕೆ ಹಲಗೆ ಸ್ಟ್ಯಾಂಡಿನಿಂದ ಹೊರಗೆ 15 ಸೆಂ.ಮೀ.ಗಿಂತ ಹೆಚ್ಚು ಚಾಚಿಕೊಂಡಿರಬಾರದು.

ಸಾಲುಕಲ್ಲು (ಉತ್ತರ):

ಮೇಲಿನ ವಿನ್ಯಾಸ ಚೆನ್ನಾಗಿದೆ. ಆದರೆ ಒಳಗೆ ತೆಗೆದಿಡುವ ಅಗತ್ಯವಿಲ್ಲದವರಿಗಾಗಿ ಇನ್ನೊಂದು ದಾರಿಯನ್ನು ಹೇಳುತ್ತೇನೆ. ಇದಕ್ಕೆ ಗರಗಸವೂ ಬೇಡ. 40 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಸಿಮೆಂಟ್ ಬ್ಲಾಕ್‌ಗಳನ್ನು ನಾಲ್ಕು ಸಾಲು ಪೇರಿಸಿದರೆ 80 ಸೆಂ.ಮೀ. ಎತ್ತರವಾಗುತ್ತದೆ. ಒಂದರ ಮೇಲೊಂದನ್ನು ಒಂಟಿಯಾಗಿ ಪೇರಿಸಬಾರದು. ಪ್ರತಿ ಸಾಲಿನಲ್ಲೂ ಎರಡು ಬ್ಲಾಕ್‌ಗಳನ್ನು ಜೋಡಿಸಿ 40 ಸೆಂ.ಮೀ. ಚೌಕ ಮಾಡಿಕೊಂಡು, ಮೇಲಿನ ಸಾಲನ್ನು ಕೆಳಗಿನದಕ್ಕೆ ಅಡ್ಡಡ್ಡವಾಗಿ ಇಡಬೇಕು. ಹೀಗೆ ಎರಡು ಕಂಬ ಎಬ್ಬಿಸಿ ಮೇಲೆ ಹಲಗೆ ಹಾಕಿದರೆ ಗಾಳಿಗೂ ಜಗ್ಗುವುದಿಲ್ಲ, ಮಳೆಗೂ ಕೆಡುವುದಿಲ್ಲ. ಮಕ್ಕಳು ಹತ್ತಿ ಆಡುವ ಮನೆಗಳಲ್ಲಿ ಮಾತ್ರ ಗಾರೆಯಿಲ್ಲದೆ ಪೇರಿಸಿದ ಬ್ಲಾಕ್‌ಗಳನ್ನು ನಾನು ಒಪ್ಪುವುದಿಲ್ಲ.

ತಿಳಿಹೊಗೆ (ಉತ್ತರ):

ಇಷ್ಟೆಲ್ಲ ಶ್ರಮವೇಕೆ ಎಂದು ಕೇಳಬಹುದೇ? ಹಳೆಯ ಇಸ್ತ್ರಿ ಮೇಜು ಇದ್ದರೆ ಅದು ಮಡಚುತ್ತದೆ, ಎತ್ತರವನ್ನೂ ಬೇಕಾದಂತೆ ಹೊಂದಿಸಬಹುದು. ಅದರ ಬಟ್ಟೆಯ ಹೊದಿಕೆಯನ್ನು ತೆಗೆದರೆ ಒಳಗಿರುವುದು ಲೋಹದ ಜಾಲರಿ. ಅದರ ಮೇಲೆ ದೊಡ್ಡದೊಂದು ಸ್ಟೀಲ್ ಟ್ರೇ ಇಟ್ಟರೆ ಮೇಜು ಸಿದ್ಧ.

ಮರದನಾರು (ಉತ್ತರ):

ತಿಳಿಹೊಗೆ ಅವರೇ, ಬಟ್ಟಲು ಮತ್ತು ಇಕ್ಕಳಗಳನ್ನು ಇಡುವುದಕ್ಕಷ್ಟೇ ಆದರೆ ನಿಮ್ಮ ಸಲಹೆಯನ್ನು ಒಪ್ಪುತ್ತೇನೆ. ಆದರೆ ಇಸ್ತ್ರಿ ಮೇಜಿನ ಕಾಲುಗಳು ಮಧ್ಯಕ್ಕೆ ಹತ್ತಿರವಿದ್ದು ಎರಡೂ ತುದಿಗಳು ಉದ್ದಕ್ಕೆ ಚಾಚಿಕೊಂಡಿರುತ್ತವೆ. ತುಂಬಿದ ಟ್ರೇಯನ್ನು ಒಂದು ತುದಿಗೆ ಇಟ್ಟರೆ, ಅಥವಾ ತುದಿಯಲ್ಲಿ ಮೂಳೆಯಿರುವ ಮಾಂಸವನ್ನು ಕತ್ತರಿಸಲು ಹೋದರೆ ಮೇಜು ಮೊಗಚುತ್ತದೆ. ಕತ್ತಿಯೂ ಬೆಂಕಿಯೂ ಇರುವ ಕಡೆ ಇದು ಸಣ್ಣ ಅಪಾಯವಲ್ಲ. ಬಳಸಲೇಬೇಕಾದರೆ ಭಾರವೆಲ್ಲ ಕಾಲುಗಳ ನೇರಕ್ಕೆ ಇರಲಿ, ಹೆಚ್ಚುವ ಕೆಲಸ ಒಳಗೇ ಮುಗಿಯಲಿ.

ಹಳೆಬಾಗಿಲು (ಉತ್ತರ):

ಪ್ರಶ್ನೆ ಕೇಳಿದವರು ಪ್ಯಾಲೆಟ್ ಮರದ ಬಗ್ಗೆ ವಿಚಾರಿಸಿದ್ದಾರೆ. ಹಳೆಯ ಸಾಮಗ್ರಿಗಳನ್ನು ಮರುಬಳಕೆ ಮಾಡುವುದು ನನಗೆ ಬಹಳ ಪ್ರಿಯವಾದ ಕೆಲಸವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ದೇಶದಿಂದ ದೇಶಕ್ಕೆ ಸಾಗುವ ಮರದ ಪ್ಯಾಲೆಟ್‌ಗಳ ಮೂಲಕ ಕೀಟಗಳು ಹರಡದಂತೆ ತಡೆಯಲು ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಅದರಂತೆ ಉಪಚರಿಸಿದ ಪ್ಯಾಲೆಟ್‌ನ ಮೇಲೆ ಗೋಧಿಯ ತೆನೆಯ ಗುರುತಿರುವ ಮುದ್ರೆ ಇರುತ್ತದೆ, ಅದರಲ್ಲಿ ಉಪಚಾರದ ವಿಧಾನವನ್ನು ಎರಡು ಇಂಗ್ಲಿಷ್ ಅಕ್ಷರಗಳಲ್ಲಿ ಸೂಚಿಸಿರುತ್ತಾರೆ. ‘ಎಚ್‌ಟಿ’ ಎಂದಿದ್ದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ತಲುಪಿ ಕನಿಷ್ಠ 30 ನಿಮಿಷ ಆ ಉಷ್ಣತೆಯಲ್ಲಿ ಇರುವಂತೆ ಬಿಸಿ ಮಾಡಿದ್ದಾರೆ ಎಂದರ್ಥ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ ಧೂಮ ಹಾಕಿದ್ದಾರೆ. ಅಂಥದ್ದನ್ನು ಅಡುಗೆಯ ಹತ್ತಿರ ತರಬೇಡಿ. ಮುದ್ರೆಯೇ ಇಲ್ಲದ ಪ್ಯಾಲೆಟ್‌ನ ಇತಿಹಾಸ ತಿಳಿಯುವ ದಾರಿಯಿಲ್ಲ. ‘ಎಚ್‌ಟಿ’ ಮುದ್ರೆ ಇದ್ದರೂ ಅದು ಕೀಟದ ವಿಷಯದಲ್ಲಿ ಮಾತ್ರ ಭರವಸೆ. ಅದರ ಮೇಲೆ ಹಿಂದೆ ಯಾವ ರಾಸಾಯನಿಕ ಚೆಲ್ಲಿತ್ತೆಂಬುದನ್ನು ಮುದ್ರೆ ಹೇಳುವುದಿಲ್ಲ. ಆದ್ದರಿಂದ ಎಣ್ಣೆಯ ಕಲೆ, ವಿಚಿತ್ರ ವಾಸನೆ, ಬಣ್ಣ ಇರುವ ಪಟ್ಟಿಗಳನ್ನು ಬಿಟ್ಟು, ಶುಭ್ರವಾದವನ್ನು ಆರಿಸಿ ಕಾಲು ಮತ್ತು ಚೌಕಟ್ಟುಗಳಿಗೆ ಬಳಸಿ. ಆಹಾರ ತಾಗುವ ಮೇಲ್ಮೈಗೆ ಬೇಡ.

ಹೊರಾಂಗಣಕ್ಕೆಂದೇ ರಾಸಾಯನಿಕ ತುಂಬಿಸಿದ ಹಳೆಯ ಮರದ ಬಗ್ಗೆಯೂ ಎಚ್ಚರ ಬೇಕು. ಕ್ರೋಮಿಯಂ, ತಾಮ್ರ ಮತ್ತು ಆರ್ಸೆನಿಕ್ ಸೇರಿದ ಸಂರಕ್ಷಕವನ್ನು ದಶಕಗಳ ಕಾಲ ಬಳಸಲಾಗುತ್ತಿತ್ತು. ಅಮೆರಿಕದಲ್ಲಿ 2003ರ ಕೊನೆಗೆ ತಯಾರಕರು ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದನ್ನು ನಿಲ್ಲಿಸಿದರು. ಹಳೆಯ ಬೇಲಿ, ಹಳೆಯ ಆಟದ ಮೈದಾನದ ಕಂಬಗಳಲ್ಲಿ ಅಂಥ ಮರ ಈಗಲೂ ಇರಬಹುದು. ಅದನ್ನು ಕೊಯ್ದರೆ ಧೂಳು ಅಪಾಯಕಾರಿ, ಅದರ ಚೂರುಗಳನ್ನು ಗ್ರಿಲ್‌ಗೆ ಹಾಕಿ ಉರಿಸಿದರಂತೂ ಹೊಗೆಯೂ ಬೂದಿಯೂ ವಿಷವಾಗುತ್ತವೆ. ಮೇಜು ಮಾಡಿ ಉಳಿದ ಮರದ ತುಂಡು ಯಾವುದೇ ಇರಲಿ, ಅದನ್ನು ಅಡುಗೆಯ ಬೆಂಕಿಗೆ ಹಾಕದಿರುವುದೇ ಕ್ಷೇಮ; ಪ್ಲೈವುಡ್‌ನಲ್ಲಿರುವ ಅಂಟು ಕೂಡ ಆಹಾರದ ಹೊಗೆಗೆ ಸಲ್ಲದು.

ಲೋಹದ ತಗಡಿನ ಬಗ್ಗೆ ಒಂದು ಮಾತು. ಸತುವಿನ ಲೇಪನವಿರುವ ತಗಡು ಅಗ್ಗವೆಂದು ಹಲವರು ಹಲಗೆಯ ಮೇಲೆ ಹೊದಿಸುತ್ತಾರೆ. ಹುಳಿ ಪದಾರ್ಥಗಳು, ಅಂದರೆ ನಿಂಬೆರಸವೋ ವಿನೆಗರೋ ಬೆರೆತ ಮಸಾಲೆ ಅದಕ್ಕೆ ತಾಗಿದರೆ ಸತು ಕರಗಿ ಆಹಾರಕ್ಕೆ ಸೇರುತ್ತದೆ. ಮೇಲ್ಮೈಗೆ ಲೋಹವೇ ಬೇಕಾದರೆ ಸ್ಟೇನ್‌ಲೆಸ್ ಸ್ಟೀಲ್‌ನ 304 ದರ್ಜೆಯನ್ನು ಕೇಳಿ. ನೇರ ಬಿಸಿಲಿನಲ್ಲಿ ಅದು ಕೈ ಇಡಲಾಗದಷ್ಟು ಕಾಯುತ್ತದೆ ಎಂಬುದೂ ನೆನಪಿರಲಿ. ಗ್ರಾನೈಟ್‌ನ ಉಳಿಕೆ ತುಂಡುಗಳು ತೊಳೆಯಲು ಬಹಳ ಅನುಕೂಲ, ಆದರೆ 1 ಮೀಟರ್ ಉದ್ದ, 50 ಸೆಂ.ಮೀ. ಅಗಲ, 20 ಮಿ.ಮೀ. ದಪ್ಪದ ಕಲ್ಲು ಸುಮಾರು 27 ಕಿ.ಗ್ರಾಂ. ತೂಗುತ್ತದೆ. ಸಾಲುಕಲ್ಲು ಅವರು ಹೇಳಿದ ಬ್ಲಾಕ್ ಕಂಬಗಳ ಮೇಲೆ ಅದು ಚೆನ್ನಾಗಿ ಕೂರುತ್ತದೆ, ಮಡಚುವ ಸ್ಟ್ಯಾಂಡಿಗೆ ಸರಿಯಲ್ಲ.

ನನ್ನ ಅಭಿಪ್ರಾಯದಲ್ಲಿ ಮಡಚುವ ಮೇಜಿಗೆ ಅತ್ಯುತ್ತಮ ಮೇಲ್ಮೈ ಎಂದರೆ ಮೇಲ್ಮೈಯೇ ಇಲ್ಲದಿರುವುದು. ಹಲಗೆಯನ್ನು ಕೇವಲ ಆಧಾರವೆಂದು ಭಾವಿಸಿ, ಅದರ ಮೇಲೆ ಅಂಚಿರುವ ಎರಡು ಸ್ಟೀಲ್ ಟ್ರೇಗಳನ್ನಿಟ್ಟು ಎಲ್ಲ ಕೆಲಸವನ್ನೂ ಟ್ರೇಯೊಳಗೆ ಮಾಡಿ. ಹೊರಗೆ ನೀರಿನ ನಲ್ಲಿ ಇಲ್ಲದ ಕಡೆ ಮೇಜನ್ನು ತೊಳೆಯುವುದು ಎಂದಿಗೂ ಸರಿಯಾಗಿ ಆಗುವುದಿಲ್ಲ. ಟ್ರೇಯನ್ನಾದರೆ ಒಳಗೆ ಒಯ್ದು ಬಿಸಿನೀರಿನಲ್ಲಿ ಉಜ್ಜಬಹುದು. ಹಲಗೆಗೆ ಹೊರಾಂಗಣದ ವಾರ್ನಿಷ್ ಹಚ್ಚಿ, ಅಂಚುಗಳಿಗೆ ಇನ್ನೊಂದೆರಡು ಕೈ ಹೆಚ್ಚು ಬಳಿಯಿರಿ, ಏಕೆಂದರೆ ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದಲೇ. ವಾರ್ನಿಷ್ ಬದಲು ಅಗಸೆ ಎಣ್ಣೆ ಹಚ್ಚುವವರು, ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಒಣಗುವಾಗ ಶಾಖ ಹೊರಬಿಡುತ್ತದೆ, ಮುದ್ದೆಯೊಳಗೆ ಶಾಖ ಕೂಡಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಬಯಲಿನಲ್ಲಿ ಒಂದೇ ಪದರವಾಗಿ ಹರಡಿ ಒಣಗಿಸಿದ ಮೇಲೆಯೇ ಕಸಕ್ಕೆ ಹಾಕಿ.

ಶುಚಿತಟ್ಟೆ (ಉತ್ತರ):

ಹಳೆಬಾಗಿಲು ಅವರ ಟ್ರೇ ಸಲಹೆಯನ್ನು ನಾನೂ ಬಲವಾಗಿ ಬೆಂಬಲಿಸುತ್ತೇನೆ, ಅದಕ್ಕೆ ಇನ್ನೊಂದು ಕಾರಣವಿದೆ. ಸಣ್ಣ ಮೇಜಿನಲ್ಲಿ ಮೊದಲು ತಪ್ಪುವುದು ಹಸಿ ಮಾಂಸಕ್ಕೂ ಬೆಂದ ಮಾಂಸಕ್ಕೂ ಇರಬೇಕಾದ ಅಂತರ. ದೊಡ್ಡ ಮೇಜಿನಲ್ಲಿ ಎಡಕ್ಕೊಂದು ಬಲಕ್ಕೊಂದು ಎಂದು ಹಂಚಬಹುದು, 90 ಸೆಂ.ಮೀ. ಹಲಗೆಯ ಮೇಲೆ ಒಂದರ ರಸ ಇನ್ನೊಂದಕ್ಕೆ ಸಿಡಿಯದಂತೆ ನೋಡಿಕೊಳ್ಳುವುದು ಕಷ್ಟ. ಜಾಗದಲ್ಲಿ ಬೇರ್ಪಡಿಸಲಾಗದ್ದನ್ನು ಸಮಯದಲ್ಲಿ ಬೇರ್ಪಡಿಸಬೇಕು. ಮೊದಲು ಹಸಿ ಮಾಂಸದ ಟ್ರೇ ಮಾತ್ರ ಹೊರಗೆ ಬರಲಿ. ಕೊನೆಯ ತುಂಡು ಗ್ರಿಲ್ ಏರಿದ ಕೂಡಲೇ ಆ ಟ್ರೇ, ಅದಕ್ಕೆ ಬಳಸಿದ ಇಕ್ಕಳ, ಎಣ್ಣೆ ಸವರಿದ ಬ್ರಷ್ಷು, ಎಲ್ಲವೂ ಒಳಗೆ ಹೋಗಲಿ. ನೀವು ಕೈ ತೊಳೆದು, ಹಲಗೆಯನ್ನು ಒರೆಸಿದ ಮೇಲೆಯೇ ಶುಚಿಯಾದ ತಟ್ಟೆಯೂ ಎರಡನೆಯ ಇಕ್ಕಳವೂ ಹೊರಗೆ ಬರಲಿ. ತರಕಾರಿಯನ್ನು ಮೊದಲೇ ಸುಟ್ಟು ತೆಗೆದುಬಿಟ್ಟರೆ ಈ ಕ್ರಮ ಇನ್ನೂ ಸುಲಭವಾಗುತ್ತದೆ.

ಹಸಿ ಮಾಂಸ ನೆನೆಸಿದ ಮಸಾಲೆ ರಸವನ್ನು ಬೆಂದದ್ದರ ಮೇಲೆ ಹಾಗೆಯೇ ಸುರಿಯಬಾರದು. ಅದು ಬೇಕೆನಿಸಿದರೆ ಆರಂಭದಲ್ಲೇ ಒಂದು ಪಾಲನ್ನು ಪ್ರತ್ಯೇಕವಾಗಿ ತೆಗೆದಿಡಿ, ಇಲ್ಲವೇ ಚೆನ್ನಾಗಿ ಕುದಿಸಿ ಬಳಸಿ.

ಸಮಯದ ಮಿತಿಯೂ ಇದೆ. ರೋಗಕಾರಕ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುವುದು ಸುಮಾರು 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಬೇಗ ಕೆಡುವ ಆಹಾರ ಈ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಇರಬಾರದು. ಹೊರಗಿನ ತಾಪ 32 ಡಿಗ್ರಿ ದಾಟಿದ್ದರೆ 1 ಗಂಟೆಯೇ ಮಿತಿ. ಮೇಜಿನ ಮೇಲೆ ಬಿಸಿಲು ಬೀಳುವ ಅಂಗಳದಲ್ಲಿ ಎಲ್ಲವನ್ನೂ ಒಟ್ಟಿಗೆ ತಂದು ಹರಡದೆ, ಒಂದು ಸುತ್ತಿಗೆ ಬೇಕಾದಷ್ಟನ್ನೇ ತರುವುದು ಲೇಸು. ಅಗಲವಾದ ಬೋಗುಣಿಯಲ್ಲಿ ಮಂಜುಗಡ್ಡೆ ತುಂಬಿ ಅದರ ಮೇಲೆ ಟ್ರೇ ಇಟ್ಟರೆ ಇನ್ನೂ ನಿಶ್ಚಿಂತೆ. ಬೆಂದಿದೆಯೋ ಇಲ್ಲವೋ ಎಂಬುದನ್ನು ಬಣ್ಣ ನೋಡಿ ನಿರ್ಧರಿಸಬಾರದು. ಚುಚ್ಚಿ ನೋಡುವ ಥರ್ಮಾಮೀಟರ್‌ಗೆ ಮೇಜಿನ ಮೇಲೆ ಕಾಯಂ ಜಾಗ ಕೊಡಿ. ಕೋಳಿಮಾಂಸದ ಒಳಭಾಗ 74 ಡಿಗ್ರಿ, ಕೊಚ್ಚಿದ ಮಾಂಸವಾದರೆ 71 ಡಿಗ್ರಿ ತಲುಪಿರಬೇಕು.

ಹೊರಗೇ ಹೆಚ್ಚಬೇಕಾಗಿ ಬಂದರೆ, ಕತ್ತರಿಸುವ ಮಣೆಯ ಕೆಳಗೆ ಒದ್ದೆ ಮಾಡಿ ಹಿಂಡಿದ ಬಟ್ಟೆಯನ್ನು ಹಾಸಿ. ವಾರ್ನಿಷ್ ಹಚ್ಚಿದ ನುಣುಪು ಹಲಗೆಯ ಮೇಲೆ ಮಣೆ ಜಾರದಂತೆ ಅದು ಹಿಡಿದುಕೊಳ್ಳುತ್ತದೆ.

ಬೂದಿಡಬ್ಬಿ (ಉತ್ತರ):

ಮೇಜಿನ ಬಗ್ಗೆ ಎಲ್ಲರೂ ಚೆನ್ನಾಗಿ ಹೇಳಿದ್ದಾರೆ. ಅದನ್ನು ಎಲ್ಲಿ ಇಡಬೇಕೆಂಬುದನ್ನು ಯಾರೂ ಹೇಳಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಮೇಜು ಗ್ರಿಲ್‌ಗೆ ಅಂಟಿಕೊಂಡಿರಬಾರದು. ನೀವು ನಡುವೆ ನಿಂತು, ಹೆಜ್ಜೆ ಕದಲಿಸದೆ ಬರೀ ತಿರುಗಿದರೆ ಎರಡೂ ಕೈಗೆಟುಕುವಂತಿರಲಿ. ಉರಿ ಜೋರಾಗಿರುವಾಗ ಹಲಗೆಯ ಗ್ರಿಲ್ ಕಡೆಯ ಅಂಚಿನ ಮೇಲೆ ಅಂಗೈ ಇಟ್ಟು ನೋಡಿ. ಅಲ್ಲಿ ಕೈಯನ್ನು ಆರಾಮವಾಗಿ ಇಟ್ಟುಕೊಳ್ಳಲಾಗದಿದ್ದರೆ ಮೇಜು ತೀರ ಹತ್ತಿರವಿದೆ ಎಂದೇ ಅರ್ಥ. ಗಾಳಿ ಬೀಸಿಬರುವ ದಿಕ್ಕಿನಲ್ಲಿ ಮೇಜಿರಲಿ, ಆಗ ಕಿಡಿಯೂ ಬೂದಿಯೂ ಹೊಗೆಯೂ ಆಹಾರದಿಂದ ಆಚೆ ಹೋಗುತ್ತವೆ. ಮೇಜಿನಿಂದ ಬಟ್ಟೆ ಅಥವಾ ಟವೆಲ್ ಇಳಿಬಿಡಬೇಡಿ. ಇದ್ದಿಲು ಹೊತ್ತಿಸುವ ದ್ರವದ ಬಾಟಲಿ ಈ ಮೇಜಿನ ಮೇಲೆ ಬರಲೇಬಾರದು. ಒಣಹಾಕಿದ ಬಟ್ಟೆಗಳನ್ನು ಬೆಂಕಿ ಹೊತ್ತಿಸುವ ಮೊದಲೇ ತೆಗೆಯಿರಿ, ಹಗ್ಗವೂ ನೈಲಾನಿನದಾಗಿದ್ದರೆ ಅದನ್ನೂ ಬಿಚ್ಚಿಡಿ. ಗ್ರಿಲ್ ಮಾತ್ರ ನೇರವಾಗಿ ಸಿಮೆಂಟ್ ನೆಲದ ಮೇಲೇ ನಿಲ್ಲಬೇಕು. ಜಾಗ ಉಳಿಸಲು ಅದನ್ನು ಮರದ ಮೇಜಿನ ಮೇಲೇರಿಸುವ ಯೋಚನೆ ಬೇಡ.

ಮಳೆ ಬಂದಾಗ ಉರಿಯುವ ಗ್ರಿಲ್ಲನ್ನು ಬಾಗಿಲೊಳಗೆ ಎಳೆದುಕೊಳ್ಳುವ ಅಭ್ಯಾಸ ಕೆಲವರಿಗಿದೆ. ಉರಿಯುವ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಜಾಗದಲ್ಲಿ ಅದು ಜೀವ ತೆಗೆಯುತ್ತದೆ. ಜ್ವಾಲೆ ಆರಿ ಕೆಂಡ ಮಾತ್ರ ಉಳಿದಿದ್ದರೂ ಈ ಅಪಾಯ ತಪ್ಪಿದ್ದಲ್ಲ. ಗ್ಯಾಸ್ ಗ್ರಿಲ್ ಬಳಸುವ ಓದುಗರಿಗೆ ಹೇಳುವುದಾದರೆ, ಮೇಜಿನ ಕೆಳಭಾಗವನ್ನು ಸುತ್ತ ಮುಚ್ಚಿ ಅದರೊಳಗೆ ಸಿಲಿಂಡರ್ ಇಡಬಾರದು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ತಳದಲ್ಲೇ ನಿಂತಿರುತ್ತದೆ.

ಕೊಬ್ಬು ತೊಟ್ಟಿಕ್ಕಿ ಬೆಂಕಿ ಭಗ್ಗೆಂದರೆ ನೀರು ಸುರಿಯಬೇಡಿ. ಗ್ರಿಲ್‌ನ ಮುಚ್ಚಳ ಹಾಕಿ ಗಾಳಿಕಿಂಡಿಗಳನ್ನು ಮುಚ್ಚಿದರೆ ತಾನಾಗಿ ಅಡಗುತ್ತದೆ. ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಗೇ ಹಾಕಿ, ಕನಿಷ್ಠ 48 ಗಂಟೆ ಬಿಟ್ಟು ಕಸಕ್ಕೆ ಸೇರಿಸಿ. ಬೂದಿಯ ಹೊದಿಕೆಯೊಳಗೆ ಕೆಂಡ ಬಹಳ ಹೊತ್ತು ಜೀವಂತವಾಗಿರುತ್ತದೆ. ಆ ಡಬ್ಬಿಯನ್ನು ಮೇಜಿನ ಕೆಳಗೆ ಇಡಬೇಡಿ.

ಹಿತ್ತಲಕಿಡಿ (ಪ್ರಶ್ನೆ ಕೇಳಿದವರು):

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಡಚುವ ಎರಡು ಸ್ಟ್ಯಾಂಡ್, ಮೇಲೆ ಪ್ಲೈವುಡ್ ಹಲಗೆ, ಅದರ ಮೇಲೆ ಎರಡು ಟ್ರೇ ಎಂದು ತೀರ್ಮಾನಿಸಿದ್ದೇನೆ. ಸಿಕ್ಕ ಪ್ಯಾಲೆಟ್‌ನ ಮೇಲೆ ಮುದ್ರೆ ಇಲ್ಲದ ಕಾರಣ ಅದನ್ನು ಬಿಟ್ಟು ಹೊಸ ರೀಪುಗಳನ್ನೇ ಕೊಳ್ಳುತ್ತೇನೆ.

ಕೊಯ್ಯಲು ಆರಂಭಿಸುವ ಮೊದಲು ಒಂದು ಸಂದೇಹವಿದೆ. ಅಂಗಳದ ನೆಲ ಮಳೆನೀರು ಹರಿಯಲೆಂದು ಒಂದು ಮೂಲೆಯ ಕಡೆಗೆ ಇಳಿಜಾರಾಗಿದೆ. ಎಂಟು ಕಾಲುಗಳನ್ನೂ ಒಂದೇ ಉದ್ದಕ್ಕೆ ಕೊಯ್ದರೆ ಮೇಜು ವಾಲುವುದಿಲ್ಲವೇ, ಅಥವಾ ಒಂದೆರಡು ಕಾಲುಗಳು ನೆಲಕ್ಕೆ ತಾಗದೆ ಅಲುಗಾಡುವುದಿಲ್ಲವೇ? ಇಳಿಜಾರಿಗೆ ತಕ್ಕಂತೆ ಕೆಲವು ಕಾಲುಗಳನ್ನು ಉದ್ದವಾಗಿ ಕೊಯ್ಯಬೇಕೇ? ಹಾಗೆಯೇ ಒದ್ದೆ ನೆಲದ ಮೇಲೆ ಕಾಲಿನ ತುದಿಗಳು ಕೊಳೆಯದಂತೆ ಏನು ಮಾಡಬೇಕು?

ಮರದನಾರು (ಉತ್ತರ):

ಎಲ್ಲ ಕಾಲುಗಳನ್ನೂ ಒಂದೇ ಉದ್ದಕ್ಕೆ ಕೊಯ್ಯಿರಿ. ಇಳಿಜಾರಿಗೆಂದು ಕಾಲನ್ನು ಉದ್ದ ಮಾಡಿದರೆ ಆ ಮೇಜು ಆ ಒಂದು ಸ್ಥಳಕ್ಕೆ, ಆ ಒಂದು ದಿಕ್ಕಿಗೆ ಮಾತ್ರ ಹೊಂದುತ್ತದೆ. ಗಾಳಿಯ ದಿಕ್ಕು ನೋಡಿ ಮೇಜನ್ನು ಸರಿಸಬೇಕಾದ ದಿನ ತೊಂದರೆಯಾಗುತ್ತದೆ. ನೆಲ ಮೀಟರಿಗೆ 1 ಸೆಂ.ಮೀ. ಇಳಿದಿದ್ದರೆ, 60 ಸೆಂ.ಮೀ. ಅಂತರದಲ್ಲಿರುವ ಎರಡು ಸ್ಟ್ಯಾಂಡ್‌ಗಳ ನಡುವಿನ ವ್ಯತ್ಯಾಸ 6 ಮಿ.ಮೀ. ಮಾತ್ರ. ಟ್ರೇಗಳಿಗೆ ಅಂಚಿರುವುದರಿಂದ ಅಷ್ಟು ವಾಲಿಕೆಯಿಂದ ಏನೂ ಚೆಲ್ಲುವುದಿಲ್ಲ. ತಗ್ಗಿನ ಬದಿ ನಿಮ್ಮ ಕಡೆಗೂ ಗ್ರಿಲ್ ಕಡೆಗೂ ಇರದಂತೆ ಇಟ್ಟುಕೊಳ್ಳಿ, ಅಷ್ಟು ಸಾಕು.

ಅಲುಗಾಟದ ಮಾತು ಬೇರೆ. ಅದಕ್ಕೆ ಉಳಿದ ರೀಪಿನ ತುಂಡಿನಿಂದ ಒಂದು ಕೈಯಗಲದ ನಾಲ್ಕು ಬೆಣೆಗಳನ್ನು ಓರೆಯಾಗಿ ಕೊಯ್ದಿಟ್ಟುಕೊಳ್ಳಿ. ಸ್ಟ್ಯಾಂಡ್‌ಗಳನ್ನು ನಿಲ್ಲಿಸಿ, ಹಗ್ಗ ಬಿಗಿಯಾಗುವಷ್ಟು ಕಾಲುಗಳನ್ನು ಅಗಲಿಸಿ, ಹಲಗೆಯನ್ನು ಕೂರಿಸಿದ ನಂತರ ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ಒತ್ತಿ ನೋಡಿ. ಎಲ್ಲಿ ಕುಲುಕುತ್ತದೋ ಅಲ್ಲಿ ತೇಲುತ್ತಿರುವ ಕಾಲಿನ ಕೆಳಗೆ ಬೆಣೆಯನ್ನು ಬೆರಳಿನಿಂದಲೇ ತಳ್ಳಿ, ಬಿಗಿಯಾಯಿತೆನಿಸಿದ ಕೂಡಲೇ ನಿಲ್ಲಿಸಿ. ಸುತ್ತಿಗೆಯಿಂದ ಹೊಡೆದರೆ ಆ ಕಾಲು ಮೇಲೇರಿ ಅಲುಗಾಟ ಎದುರಿನ ಮೂಲೆಗೆ ಹೋಗುತ್ತದೆ. ಬೆಣೆಗಳಿಗೆ ಒಂದೊಂದು ದಾರ ಕಟ್ಟಿ ಕೆಳಗಿನ ಅಡ್ಡಪಟ್ಟಿಗೆ ನೇತುಹಾಕಿದರೆ ಕಳೆದುಹೋಗುವುದಿಲ್ಲ.

ಕಾಲಿನ ತುದಿಗಳ ವಿಚಾರಕ್ಕೆ ಬಂದರೆ, ಮರ ಅತಿ ಹೆಚ್ಚು ನೀರು ಹೀರುವುದು ಕೊಯ್ದ ತುದಿಯಿಂದ, ಏಕೆಂದರೆ ನಾರುಗಳ ಬಾಯಿ ತೆರೆದಿರುವುದು ಅಲ್ಲೇ. ಹಳೆಯ ಡಬ್ಬಿಯ ಮುಚ್ಚಳದಲ್ಲಿ ವಾರ್ನಿಷ್ ಹಾಕಿ ಪ್ರತಿ ತುದಿಯನ್ನೂ ಅದರಲ್ಲಿ ಕೆಲವು ನಿಮಿಷ ನಿಲ್ಲಿಸಿ. ಮೊದಲ ಸಲ ಹೀರಿಕೊಂಡು ಒಣಗಿದ ಮೇಲೆ ಇನ್ನೊಮ್ಮೆ ಹಾಗೆಯೇ ಮಾಡಿ. ಪೂರ್ತಿ ಒಣಗಿದ ನಂತರ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ತುದಿಗೆ ಇಟ್ಟು ಪಕ್ಕಗಳಿಗೆ ಸಣ್ಣ ಮೊಳೆ ಹೊಡೆದರೆ ಒದ್ದೆ ಸಿಮೆಂಟಿನ ಮೇಲೂ ಕಾಲು ಜಾರುವುದಿಲ್ಲ. ರಬ್ಬರಿನೊಳಗೆ ನೀರು ನಿಲ್ಲದಿರಲು, ಮೇಜನ್ನು ಒಳಗೆ ತಂದ ಮೇಲೆ ಸ್ಟ್ಯಾಂಡ್‌ಗಳನ್ನು ಒಂದು ರಾತ್ರಿ ತಲೆಕೆಳಗಾಗಿ ಒರಗಿಸಿಡಿ.